ಸ್ಕ್ಯಾನರ್ ನೋಡೋದು ರಕ್ತ, ನಮಗೆ ಬೇಕಿರೋದು ನರಕೋಶ

ಬೂದು ಬಣ್ಣದ ಮೆದುಳಿನ ಚಿತ್ರ, ಅದರ ಮೇಲೆ ಅಲ್ಲಲ್ಲಿ ಕೆಂಪು-ಹಳದಿ ಚುಕ್ಕೆಗಳು, ಕೆಳಗೆ 'ಸಂಗೀತ ಕೇಳುವಾಗ ಮೆದುಳಿನ ಈ ಭಾಗ ಚುರುಕಾಗುತ್ತದೆ' ಅನ್ನೋ ಥರದ ಒಂದು ಸಾಲು. ಇಂಥ ಸುದ್ದಿಗಳನ್ನ ನೀವೂ ಓದಿರ್ತೀರಿ. ಇವು ಎಫ್‌ಎಂಆರ್‌ಐ ಯಂತ್ರದ ಚಿತ್ರಗಳು. ನೋಡಿದ ಕೂಡಲೇ ಮೆದುಳು ಯೋಚನೆ ಮಾಡ್ತಿರೋದನ್ನೇ ಯಾರೋ ಫೋಟೋ ತೆಗೆದಿದ್ದಾರೆ ಅನಿಸುತ್ತೆ.

ಆದರೆ ಆ ಯಂತ್ರ ನರಕೋಶಗಳನ್ನ ನೋಡೋದೇ ಇಲ್ಲ. ಅದು ನೋಡೋದು ರಕ್ತವನ್ನ. ರಕ್ತದಿಂದ ನರಕೋಶಕ್ಕೆ ಹೋಗೋಕೆ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯೇ ಗಣಿತದ ಮಾದರಿ, ಅಂದ್ರೆ ಮಾಡೆಲ್. ಮಾಡೆಲ್ ಇಲ್ಲದೆ ಚಿತ್ರವನ್ನ ನೇರವಾಗಿ ಓದೋಕೆ ಹೋದರೆ, ಯಾವುದು ಕಾರಣ ಯಾವುದು ಪರಿಣಾಮ ಅನ್ನೋದೇ ತಲೆಕೆಳಗಾಗಬಹುದು. ಈ ಲೇಖನ ಅದರ ಬಗ್ಗೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನ್ಯೂರಲ್ ಮಾಡೆಲ್ ಅಂದ ತಕ್ಷಣ ನಮಗೆ ಡೀಪ್ ಲರ್ನಿಂಗ್ ನೆನಪಾಗುತ್ತೆ. ಇಲ್ಲಿ ಮಾತಾಡ್ತಿರೋದು ಅದಲ್ಲ. ನಿಜವಾದ ನರಕೋಶಗಳ ಗುಂಪು ಹೇಗೆ ವರ್ತಿಸುತ್ತೆ ಅಂತ ಹೇಳೋ ಡಿಫರೆನ್ಷಿಯಲ್ ಸಮೀಕರಣಗಳ ಬಗ್ಗೆ. ಎರಡನೇ ವರ್ಷದ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದಿದ್ದರೆ ಸಾಕು, ಮುಕ್ಕಾಲು ಪಾಲು ನಿಮಗೆ ಗೊತ್ತಿರೋದೇ.

1. ಯಂತ್ರ ಅಳೆಯೋದು ಏನನ್ನ?

ನಮ್ಮ ಮೆದುಳಿನ ತೂಕ ದೇಹದ ತೂಕದ ಸುಮಾರು ಶೇಕಡಾ 2. ಆದರೆ ಅದು ತಿನ್ನೋದು ದೇಹದ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡಾ 20. ಇಷ್ಟು ಖರ್ಚಿದ್ದರೂ ಮೆದುಳಿನಲ್ಲಿ ದೊಡ್ಡ ಉಗ್ರಾಣ ಇಲ್ಲ. ಆಮ್ಲಜನಕ, ಗ್ಲೂಕೋಸ್ ಎರಡೂ ರಕ್ತದ ಮೂಲಕ ಬರ್ತಾನೇ ಇರಬೇಕು. ಒಂದು ಜಾಗದಲ್ಲಿ ನರಕೋಶಗಳ ಕೆಲಸ ಜಾಸ್ತಿಯಾದರೆ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಬರುತ್ತೆ.

ರಕ್ತದಲ್ಲಿ ಆಮ್ಲಜನಕ ಹೊರೋದು ಹಿಮೋಗ್ಲೋಬಿನ್. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯಲ್ ಒಂದು ವಿಷಯ ತೋರಿಸಿದ್ರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದ ಕ್ಷೇತ್ರವನ್ನ ಹೆಚ್ಚು ಕದಡೋದಿಲ್ಲ. ಆಮ್ಲಜನಕ ಕಳಕೊಂಡ ಹಿಮೋಗ್ಲೋಬಿನ್ ಕದಡುತ್ತೆ. ಸುಮಾರು ಐವತ್ತು ವರ್ಷ ಆದಮೇಲೆ, 1990ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿದ್ದ ಸೇಜಿ ಒಗಾವಾ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನ ಎಂಆರ್‌ಐ ಚಿತ್ರದಲ್ಲೇ ನೋಡಬಹುದು ಅಂತ ಇಲಿಗಳಲ್ಲಿ ತೋರಿಸಿದ್ರು. ಈ ಸಿಗ್ನಲ್‌ಗೆ ಬೋಲ್ಡ್ ಅಂತ ಹೆಸರು. 1992ರ ಹೊತ್ತಿಗೆ ಮನುಷ್ಯರಲ್ಲೂ ಇದೇ ವಿಧಾನ ಕೆಲಸ ಮಾಡ್ತು.

ಇಲ್ಲಿ ಒಂದು ವಿಚಿತ್ರ ಇದೆ. ನರಕೋಶಗಳು ಆಮ್ಲಜನಕ ಖರ್ಚು ಮಾಡಿದರೆ ಆಮ್ಲಜನಕ ಕಳಕೊಂಡ ರಕ್ತ ಜಾಸ್ತಿಯಾಗಿ ಸಿಗ್ನಲ್ ಇಳೀಬೇಕು ಅಲ್ವಾ? ಆದರೆ ಸಿಗ್ನಲ್ ಏರುತ್ತೆ. ಯಾಕೆ ಅನ್ನೋದಕ್ಕೆ ಹಾಸ್ಟೆಲ್ ಮೆಸ್ಸಿಗೆ ಹೋಗೋಣ.

2. ಮೆಸ್ಸಿನ ಲೆಕ್ಕ

ಕ್ಲಾಸ್ ಬಿಟ್ಟ ತಕ್ಷಣ ಒಂದು ಗುಂಪು ಮೆಸ್ಸಿಗೆ ನುಗ್ಗುತ್ತೆ ಅಂತಿಟ್ಕೊಳ್ಳಿ. ಕೌಂಟರ್ ಮೇಲಿನ ಚಪಾತಿ ಕರಗೋಕೆ ಶುರುವಾಗುತ್ತೆ. ಒಳಗಿರೋ ಭಟ್ಟರಿಗೆ ಸುದ್ದಿ ಮುಟ್ಟುತ್ತೆ, ಅವರು ದೊಡ್ಡ ಡಬರಿ ತುಂಬ ಚಪಾತಿ ಕಳಿಸ್ತಾರೆ. ಆದರೆ ಅದು ಬರೋದು ಸ್ವಲ್ಪ ತಡವಾಗಿ, ಬಂದಾಗ ಬೇಕಾದ್ದಕ್ಕಿಂತ ಜಾಸ್ತಿ. ಹಾಗಾಗಿ ಕೆಲವು ನಿಮಿಷ ಕೌಂಟರ್ ಮೇಲೆ ಮೊದಲಿಗಿಂತ ಹೆಚ್ಚು ಚಪಾತಿ ಇರುತ್ತೆ. ಆಮೇಲೆ ಭಟ್ಟರು ಕೈ ಬಿಗಿ ಮಾಡ್ತಾರೆ, ಕೌಂಟರ್ ಒಮ್ಮೆ ಮಾಮೂಲಿಗಿಂತ ಖಾಲಿಯಾಗಿ, ಕೊನೆಗೆ ಸರಿಹೋಗುತ್ತೆ.

ಮೆದುಳಿನಲ್ಲೂ ಹೀಗೇ. ಹುಡುಗರು ನರಕೋಶಗಳು, ಚಪಾತಿ ಆಮ್ಲಜನಕ, ಭಟ್ಟರು ರಕ್ತನಾಳಗಳು. ಬರೋ ರಕ್ತ ಖರ್ಚಿಗಿಂತ ಹೆಚ್ಚಿರೋದರಿಂದ ಆಮ್ಲಜನಕ ಕಳಕೊಂಡ ಹಿಮೋಗ್ಲೋಬಿನ್ ಪ್ರಮಾಣ ಕಡಿಮೆಯಾಗುತ್ತೆ, ಸಿಗ್ನಲ್ ಏರುತ್ತೆ. ನಮ್ಮ ಸ್ಕ್ಯಾನರ್ ಕಿಟಕಿಯ ಹೊರಗೆ ನಿಂತು ಕೌಂಟರ್ ಮಾತ್ರ ನೋಡ್ತಾ ಇರೋ ವ್ಯಕ್ತಿ. ಹುಡುಗರು ಅವನಿಗೆ ಕಾಣೋದೇ ಇಲ್ಲ. ಚಪಾತಿಯ ಎತ್ತರ ನೋಡಿ ಯಾರು ಯಾವಾಗ ಬಂದ್ರು ಅಂತ ಅವನು ಹೇಳಬೇಕು.

3. ಇಂಪಲ್ಸ್ ರೆಸ್ಪಾನ್ಸ್

ಈಗ ಇದನ್ನೇ ನಮ್ಮ ಭಾಷೆಯಲ್ಲಿ ಹೇಳೋಣ. ಒಂದು ಕ್ಷಣದ ನರ ಚಟುವಟಿಕೆ ಒಳಗೆ ಕೊಟ್ಟರೆ ಹೊರಗೆ ಬರೋ ಬೋಲ್ಡ್ ಆಕಾರವೇ ಈ ಸಿಸ್ಟಮ್‌ನ ಇಂಪಲ್ಸ್ ರೆಸ್ಪಾನ್ಸ್. ಅದು ಸುಮಾರು 5–6 ಸೆಕೆಂಡಿಗೆ ತುದಿ ಮುಟ್ಟುತ್ತೆ, ಆಮೇಲೆ ಇಳಿದು ಮೂಲ ಮಟ್ಟಕ್ಕಿಂತ ಕೆಳಗೆ ಹೋಗಿ, ಪೂರ್ತಿ ತಣ್ಣಗಾಗೋಕೆ 20 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತೆ. ನರಕೋಶಗಳ ಸಂಭಾಷಣೆ ನಡೆಯೋದು ಮಿಲಿಸೆಕೆಂಡ್‌ಗಳಲ್ಲಿ. ಸಿಗ್ನಲ್‌ನ ಏರಿಳಿತವೂ ಶೇಕಡಾ ಒಂದೆರಡು ಮಾತ್ರ. ಅದರ ಜೊತೆಗೆ ಉಸಿರಾಟ, ಎದೆಬಡಿತ, ತಲೆ ಅಲುಗಾಟ ಇವುಗಳ ನಾಯ್ಸ್ ಬೇರೆ. ಚಿತ್ರದ ಒಂದೊಂದು ವಾಕ್ಸೆಲ್, ಅಂದ್ರೆ ಸುಮಾರು 3 ಮಿಲಿಮೀಟರ್ ಬದಿಯ ಒಂದು ಘನ, ಲಕ್ಷಾಂತರ ನರಕೋಶಗಳನ್ನ ಒಟ್ಟಿಗೆ ಹಿಡಿದಿರುತ್ತೆ.

'ಅಷ್ಟೇನಾ, ಡಿಕಾನ್ವಲ್ಯೂಷನ್ ಮಾಡಿದರೆ ಆಯ್ತಲ್ಲ' ಅಂತ ಕೇಳಬಹುದು. ಔಟ್‌ಪುಟ್ ಗೊತ್ತು, ಇಂಪಲ್ಸ್ ರೆಸ್ಪಾನ್ಸ್ ಗೊತ್ತು, ಫ್ರೀಕ್ವೆನ್ಸಿ ಡೊಮೇನ್‌ನಲ್ಲಿ ಭಾಗಾಕಾರ ಮಾಡಿದರೆ ಇನ್‌ಪುಟ್ ಸಿಗಬೇಕು. ತೊಂದರೆ ಎರಡು. ಒಂದು, ಈ ಸಿಸ್ಟಮ್ ಒಂದು ಲೋ-ಪಾಸ್ ಫಿಲ್ಟರ್. ಎತ್ತರದ ಫ್ರೀಕ್ವೆನ್ಸಿಗಳಲ್ಲಿ ಅದರ ಗೇನ್ ಸೊನ್ನೆಗೆ ಹತ್ತಿರ. ಸೊನ್ನೆಗೆ ಹತ್ತಿರದ ಸಂಖ್ಯೆಯಿಂದ ಭಾಗಿಸಿದರೆ ಉಬ್ಬೋದು ಸಿಗ್ನಲ್ ಅಲ್ಲ, ನಾಯ್ಸ್. ಎರಡನೇದು ಇನ್ನೂ ದೊಡ್ಡದು: ಇಂಪಲ್ಸ್ ರೆಸ್ಪಾನ್ಸ್ ನಮಗೆ ಸರಿಯಾಗಿ ಗೊತ್ತೇ ಇಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ಬೇರೆ. ಒಬ್ಬರದೇ ಮೆದುಳಿನಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೂ ಬೇರೆ.

4. ಯಾರು ಮೊದಲು?

ಈ ಎರಡನೇ ತೊಂದರೆ ಎಷ್ಟು ಅಪಾಯದ್ದು ಅಂತ ಒಂದು ಲೆಕ್ಕದಿಂದ ನೋಡೋಣ. ಮೆದುಳಿನ ಜಾಗ ಒಂದು ಸೊನ್ನೆ ಸೆಕೆಂಡಿಗೆ ಕೆಲಸ ಶುರು ಮಾಡಿ, 0.05 ಸೆಕೆಂಡ್ ಆದಮೇಲೆ ಜಾಗ ಎರಡನ್ನ ಎಬ್ಬಿಸುತ್ತೆ ಅಂತಿರಲಿ. ಒಂದನೇ ಜಾಗದ ರಕ್ತನಾಳಗಳು ನಿಧಾನ, ಅಲ್ಲಿ ಬೋಲ್ಡ್ ತುದಿ ಮುಟ್ಟೋಕೆ 5.5 ಸೆಕೆಂಡ್ ಬೇಕು. ಎರಡನೇದರದ್ದು ಚುರುಕು, 4.5 ಸೆಕೆಂಡ್ ಸಾಕು. ಹಾಗಿದ್ದರೆ ಸ್ಕ್ಯಾನರ್‌ನಲ್ಲಿ ಒಂದನೇ ಜಾಗದ ತುದಿ 5.5ಕ್ಕೆ, ಎರಡನೇದು 4.55ಕ್ಕೆ. ಚಿತ್ರ ನೋಡಿದವರು ಹೇಳೋದು: ಎರಡನೇ ಜಾಗವೇ ಮೊದಲು, ಅದೇ ಒಂದನೇದನ್ನ ಎಬ್ಬಿಸಿತು. ಪೂರ್ತಿ ಉಲ್ಟಾ!

ಎರಡು ಮೆಸ್‌ಗಳನ್ನ ಕಿಟಕಿಯಿಂದ ನೋಡೋ ವ್ಯಕ್ತಿಗೂ ಇದೇ ಪಾಡು. ಭಟ್ಟರ ವೇಗ ಗೊತ್ತಿಲ್ಲದೆ, ಕೌಂಟರ್ ಮೊದಲು ತುಂಬಿದ ಮೆಸ್ಸಿಗೇ ಹುಡುಗರು ಮೊದಲು ಹೋದ್ರು ಅನ್ನೋಕಾಗಲ್ಲ.

ಇದು ಬರೀ ಪಂಡಿತರ ಜಗಳ ಅಲ್ಲ. ಮೂರ್ಛೆರೋಗ, ನಮ್ಮ ಕಡೆ ಫಿಟ್ಸ್ ಅಂತೀವಲ್ಲ, ಅದಿರೋರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಔಷಧದಿಂದ ಫಿಟ್ಸ್ ಹತೋಟಿಗೆ ಬರಲ್ಲ. ಅಂಥವರಲ್ಲಿ ಕೆಲವರಿಗೆ ಫಿಟ್ಸ್ ಹುಟ್ಟೋ ಜಾಗವನ್ನ ಶಸ್ತ್ರಚಿಕಿತ್ಸೆಯಿಂದ ತೆಗೆಯೋ ದಾರಿ ಇದೆ. ಫಿಟ್ಸ್ ಬಂದಾಗ ಮೆದುಳಿನ ಹಲವು ಜಾಗಗಳು ಒಟ್ಟಿಗೆ ಕುಣಿಯುತ್ತವೆ. ಅದರಲ್ಲಿ ಹುಟ್ಟಿಸಿದ್ದು ಯಾವುದು, ಬರೀ ತಾಳ ಹಾಕಿದ್ದು ಯಾವುದು? ಉತ್ತರ ತಪ್ಪಾದರೆ ತೆಗೆಯಬಾರದ ಜಾಗಕ್ಕೆ ಕತ್ತರಿ ಬೀಳುತ್ತೆ.

5. ಹಿಂದಕ್ಕೆ ಹೋಗೋ ಮುಂಚೆ ಮುಂದಕ್ಕೆ

ಹಾಗಾದರೆ ದಾರಿ ಏನು? ಪರಿಣಾಮದಿಂದ ಕಾರಣಕ್ಕೆ ನೇರವಾಗಿ ಹಾರೋ ಬದಲು, ಕಾರಣದಿಂದ ಪರಿಣಾಮದವರೆಗಿನ ಪೂರ್ತಿ ದಾರಿಯನ್ನ ಸಮೀಕರಣಗಳಲ್ಲಿ ಬರೆಯೋದು. ಇದಕ್ಕೆ ಫಾರ್ವರ್ಡ್ ಮಾಡೆಲ್ ಅಂತಾರೆ. 2003ರಲ್ಲಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್, ಲೀ ಹ್ಯಾರಿಸನ್ ಮತ್ತು ವಿಲ್ ಪೆನ್ನಿ ಪ್ರಕಟಿಸಿದ ಡೈನಮಿಕ್ ಕಾಸಲ್ ಮಾಡೆಲಿಂಗ್ (ಚಿಕ್ಕದಾಗಿ ಡಿಸಿಎಂ) ಇಂಥದ್ದು. ಅದರಲ್ಲಿ ಎರಡು ಅಂತಸ್ತು.

ಮೇಲಿನ ಅಂತಸ್ತು ನರಕೋಶಗಳದ್ದು. ಒಂದೊಂದು ಜಾಗಕ್ಕೂ ಒಂದು ಸ್ಟೇಟ್ ವೇರಿಯಬಲ್. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಸ್ಟೇಟ್-ಸ್ಪೇಸ್ ರೂಪವೇ ಇಲ್ಲೂ ಇದೆ:

ಸ್ಟೇಟ್ ಬದಲಾಗೋ ದರ = (ಎ + ಇನ್‌ಪುಟ್ × ಬಿ) × ಸ್ಟೇಟ್ + ಸಿ × ಇನ್‌ಪುಟ್

ಎ ಮ್ಯಾಟ್ರಿಕ್ಸ್ ಯಾವ ಜಾಗ ಯಾವುದನ್ನ ಎಷ್ಟು ತಳ್ಳುತ್ತೆ ಅಂತ ಹೇಳುತ್ತೆ. ಸಿ ಮ್ಯಾಟ್ರಿಕ್ಸ್ ಹೊರಗಿನ ಪ್ರಚೋದನೆ (ಬೆಳಕು, ಶಬ್ದ) ಎಲ್ಲಿ ಒಳಗೆ ಬರುತ್ತೆ ಅಂತ ಹೇಳುತ್ತೆ. ಬಿ ಮಾತ್ರ ನಾವು ಓದೋ ಲೀನಿಯರ್ ಸಿಸ್ಟಮ್‌ನಲ್ಲಿ ಇರಲ್ಲ: ಗಮನ ಕೊಟ್ಟಾಗ, ಕೆಲಸ ಬದಲಾದಾಗ ಜಾಗಗಳ ನಡುವಿನ ನಂಟೇ ಹೇಗೆ ಬಲವಾಗುತ್ತೆ ಅಥವಾ ಸಡಿಲವಾಗುತ್ತೆ ಅನ್ನೋದು ಅದರ ಕೆಲಸ. ಎ ಮ್ಯಾಟ್ರಿಕ್ಸ್‌ನ ಕರ್ಣದ ಮೇಲಿನ ಸಂಖ್ಯೆಗಳು ನೆಗೆಟಿವ್ ಇರಬೇಕು. ಇಲ್ಲದಿದ್ದರೆ ಒಮ್ಮೆ ಎದ್ದ ಚಟುವಟಿಕೆ ತಣ್ಣಗಾಗೋದೇ ಇಲ್ಲ.

ಕೆಳಗಿನ ಅಂತಸ್ತು ರಕ್ತದ್ದು, ಅಂದ್ರೆ ಭಟ್ಟರ ಲೆಕ್ಕ. 1998ರಲ್ಲಿ ರಿಚರ್ಡ್ ಬಕ್ಸ್‌ಟನ್ ಮತ್ತು ಸಂಗಡಿಗರು ಕೊಟ್ಟ ಬಲೂನ್ ಮಾಡೆಲ್ ಇದರ ಬುಡ. ರಕ್ತ ಹೊರಗೆ ಹೋಗೋ ಸಣ್ಣ ನಾಳಗಳನ್ನ ಒಂದು ಬಲೂನ್ ಅಂದ್ಕೊಳ್ಳಿ. ಒಳಹರಿವು ಜಾಸ್ತಿಯಾದರೆ ಬಲೂನ್ ಉಬ್ಬುತ್ತೆ. ಉಬ್ಬಿದಷ್ಟೂ ಹೊರಹರಿವು ಜಾಸ್ತಿ. ನರ ಚಟುವಟಿಕೆ (ನ), ನಾಳ ಹಿಗ್ಗಿಸೋ ಸಂಕೇತ (ಸ), ರಕ್ತದ ಹರಿವು (ಹ), ಬಲೂನಿನ ಗಾತ್ರ (ಗ), ಆಮ್ಲಜನಕ ಕಳಕೊಂಡ ಹಿಮೋಗ್ಲೋಬಿನ್ (ಡ) ಅಂತ ಬರೆದರೆ ಸಮೀಕರಣಗಳು ಹೀಗೆ:

ಸ ಬದಲಾಗೋ ದರ = ನ − 0.65 × ಸ − 0.41 × (ಹ − 1)
ಹ ಬದಲಾಗೋ ದರ = ಸ
ಗ ಬದಲಾಗೋ ದರ = (ಹ − ಹೊರಹರಿವು) ÷ 0.98
ಡ ಬದಲಾಗೋ ದರ = (ಹ × ಇ ÷ 0.34 − ಹೊರಹರಿವು × ಡ ÷ ಗ) ÷ 0.98

ಇಲ್ಲಿ ಹೊರಹರಿವು ಅಂದ್ರೆ ಗ-ದ ಘಾತ (1 ÷ 0.32). 'ಇ' ಅಂದ್ರೆ ರಕ್ತದಿಂದ ಎಷ್ಟು ಪಾಲು ಆಮ್ಲಜನಕ ತೆಗೆದುಕೊಳ್ಳಲಾಯ್ತು ಅನ್ನೋದು: 1ರಿಂದ '0.66ರ ಘಾತ (1 ÷ ಹ)' ಕಳೆದರೆ ಇ ಸಿಗುತ್ತೆ. ವಿಶ್ರಾಂತಿಯಲ್ಲಿ ಹ, ಗ, ಡ ಮೂರೂ 1, ಸ ಸೊನ್ನೆ. ಈ ಸಂಖ್ಯೆಗಳು 2003ರ ಡಿಸಿಎಂ ಲೇಖನದಲ್ಲಿ ಆರಂಭದ ಅಂದಾಜಿಗೆ ಬಳಸಿದವು.

ಮೊದಲ ಎರಡು ಸಮೀಕರಣಗಳನ್ನ ಸುಮ್ಮನೆ ಒಮ್ಮೆ ನೋಡಿ. ನಿಮಗೆ ಚಿರಪರಿಚಿತವಾದ ಸೆಕೆಂಡ್ ಆರ್ಡರ್ ಸಿಸ್ಟಮ್ ಅಲ್ಲಿ ಕೂತಿದೆ. ನ್ಯಾಚುರಲ್ ಫ್ರೀಕ್ವೆನ್ಸಿ 0.41ರ ವರ್ಗಮೂಲ, ಅಂದ್ರೆ ಸೆಕೆಂಡಿಗೆ 0.64 ರೇಡಿಯನ್, ಸುಮಾರು 0.1 ಹರ್ಟ್ಜ್. ಡ್ಯಾಂಪಿಂಗ್ ರೇಶಿಯೋ ಸುಮಾರು 0.51. ಒಂದಕ್ಕಿಂತ ಕಡಿಮೆ, ಹಾಗಾಗಿ ಅಂಡರ್‌ಡ್ಯಾಂಪ್ಡ್. ಭಟ್ಟರು ಮೊದಲು ಜಾಸ್ತಿ ಕಳಿಸಿ ಆಮೇಲೆ ಕೈ ಬಿಗಿ ಮಾಡೋದು ಯಾಕೆ ಅನ್ನೋದಕ್ಕೆ ಈ ಮಾಡೆಲ್ ಕೊಡೋ ಒಂದು ವಿವರಣೆ ಇದೇ. ಲ್ಯಾಬ್‌ನಲ್ಲಿ ಆರ್‌ಎಲ್‌ಸಿ ಸರ್ಕಿಟ್‌ಗೆ ಪಲ್ಸ್ ಕೊಟ್ಟಾಗ ಆಸಿಲೋಸ್ಕೋಪ್‌ನಲ್ಲಿ ಕಾಣೋ ಗೆರೆಯೇ ಇಲ್ಲಿ ರಕ್ತದಲ್ಲಿ ಕಾಣುತ್ತೆ.

6. ಮಾಡೆಲ್ ಮತ್ತು ಡೇಟಾ ಜೋಡಿಸೋದು

ಫಾರ್ವರ್ಡ್ ಮಾಡೆಲ್ ಕೈಯಲ್ಲಿದ್ದರೆ ಕೆಲಸ ಹೀಗೆ ನಡೆಯುತ್ತೆ. ಪ್ಯಾರಾಮೀಟರ್‌ಗಳಿಗೆ ಒಂದು ಊಹೆ ಕೊಡೋದು, ಸಿಮ್ಯುಲೇಷನ್ ಓಡಿಸೋದು, ಬಂದ ಬೋಲ್ಡ್ ಗೆರೆಯನ್ನ ನಿಜವಾದ ಗೆರೆ ಜೊತೆ ಹೋಲಿಸೋದು, ಊಹೆ ತಿದ್ದೋದು. ಊಹೆಗೆ ಕಡಿವಾಣ ಇಲ್ಲದಿದ್ದರೆ ಎಲ್ಲೆಲ್ಲೋ ಹೋಗುತ್ತೆ, ಅದಕ್ಕೇ ಬೇಯ್ಸ್ ಸೂತ್ರ. ರಕ್ತನಾಳದ ಸಂಖ್ಯೆಗಳು ದೇಹಕ್ಕೆ ಒಪ್ಪೋ ವ್ಯಾಪ್ತಿಯಲ್ಲೇ ಇರಲಿ ಅಂತ ಮೊದಲೇ ಹೇಳಿರ್ತೀವಿ. ಮುಖ್ಯ ವಿಷಯ ಏನಂದ್ರೆ, ಒಂದೊಂದು ಜಾಗಕ್ಕೂ ಅದರದ್ದೇ ರಕ್ತದ ಪ್ಯಾರಾಮೀಟರ್‌ಗಳಿರುತ್ತೆ. ಅಂದ್ರೆ ಪ್ರತಿ ಮೆಸ್ಸಿನ ಭಟ್ಟರ ವೇಗವನ್ನೂ ಡೇಟಾದಿಂದಲೇ ಅಂದಾಜು ಮಾಡ್ತೀವಿ.

ಇನ್ನು ಯಾವ ಜಾಗ ಯಾವುದಕ್ಕೆ ಸೇರಿದೆ ಅನ್ನೋ ಪ್ರಶ್ನೆ. ಅದಕ್ಕೆ ಹಲವು ಮಾಡೆಲ್‌ಗಳನ್ನ ಪಂದ್ಯಕ್ಕೆ ಬಿಡ್ತಾರೆ. ಗೆಲ್ಲೋದು ಡೇಟಾಗೆ ಅತಿ ಹತ್ತಿರ ಹೋದ ಮಾಡೆಲ್ ಅಲ್ಲ. ಹತ್ತು ಬಿಂದುಗಳ ಮೂಲಕ ಒಂಬತ್ತನೇ ಡಿಗ್ರಿಯ ಪಾಲಿನಾಮಿಯಲ್ ಎಳೆದರೆ ಎಲ್ಲ ಬಿಂದುಗಳನ್ನೂ ಮುಟ್ಟುತ್ತೆ, ಹನ್ನೊಂದನೇದಕ್ಕೆ ಎಲ್ಲೋ ಆಕಾಶಕ್ಕೆ ಹೋಗುತ್ತೆ. ಹಾಗಾಗಿ ನಿಖರತೆಗೆ ಅಂಕ ಕೊಟ್ಟು, ಅನಗತ್ಯ ಜಟಿಲತೆಗೆ ಅಂಕ ಕಳೀತಾರೆ.

7. ಇಲಿಗಳು ಕೊಟ್ಟ ಪರೀಕ್ಷೆ

ಸರಿ, ಇದೆಲ್ಲ ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ? ನಿಜವಾದ ಉತ್ತರ ಬೇರೆ ದಾರಿಯಿಂದ ಗೊತ್ತಿದ್ದರೆ ಮಾತ್ರ ಪರೀಕ್ಷೆ ಮಾಡಬಹುದು. 2008ರಲ್ಲಿ ಫ್ರಾನ್ಸಿನ ಒಲಿವಿಯೆ ಡೇವಿಡ್ ಮತ್ತು ಸಂಗಡಿಗರು ಪ್ಲಾಸ್ ಬಯಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಅಂಥ ಪರೀಕ್ಷೆ.

ಅವರು ಬಳಸಿದ್ದು ಹುಟ್ಟಿನಿಂದಲೇ ಆಬ್ಸೆನ್ಸ್ ಥರದ ಮೂರ್ಛೆರೋಗ ಇರೋ ಇಲಿಗಳ ತಳಿ. ಈ ಇಲಿಗಳು ಇದ್ದಕ್ಕಿದ್ದಂತೆ ಕೆಲವು ಸೆಕೆಂಡ್ ಸ್ತಬ್ಧವಾಗಿಬಿಡುತ್ತವೆ. ಆಗ ಇಇಜಿಯಲ್ಲಿ ಚೂಪು ಮೊನೆ ಮತ್ತು ಅಲೆ ಒಂದರ ಹಿಂದೆ ಒಂದು ಬರುತ್ತೆ. ಈ ಅಲೆಗಳು ಹುಟ್ಟೋದು ಮೀಸೆಯ ಸ್ಪರ್ಶವನ್ನ ಗ್ರಹಿಸೋ ಕಾರ್ಟೆಕ್ಸ್ ಭಾಗದಲ್ಲಿ ಅನ್ನೋದು ಮೊದಲೇ ಗೊತ್ತಿತ್ತು. ತಂಡದವರು ಇಇಜಿ ಮತ್ತು ಎಫ್‌ಎಂಆರ್‌ಐ ಒಟ್ಟಿಗೆ ತೆಗೆದ್ರು. ಬಲವಾಗಿ ಕಾಣಿಸಿಕೊಂಡ ಜಾಗಗಳಲ್ಲಿ ಮೂರನ್ನ ಆರಿಸಿಕೊಂಡ್ರು: ಆ ಕಾರ್ಟೆಕ್ಸ್ ಭಾಗ, ಥಲಾಮಸ್, ಸ್ಟ್ರಯೇಟಮ್. ಆಮೇಲೆ ಅದೇ ಜಾಗಗಳಿಗೆ ಎಲೆಕ್ಟ್ರೋಡ್ ಇಳಿಸಿ ಯಾರು ಯಾರನ್ನ ನಡೆಸ್ತಿದ್ದಾರೆ ಅಂತ ನೇರವಾಗಿ ಅಳೆದ್ರು. ಎಲೆಕ್ಟ್ರೋಡ್‌ಗಳ ಉತ್ತರ: ಕಾರ್ಟೆಕ್ಸ್.

ಈಗ ಎಫ್‌ಎಂಆರ್‌ಐ ಸರದಿ. ಬೋಲ್ಡ್ ಗೆರೆಗಳನ್ನ ಹಾಗೇ ತಗೊಂಡು, ಯಾವುದರ ಹಿಂದಿನ ಮೌಲ್ಯಗಳು ಯಾವುದರ ಮುಂದಿನ ಮೌಲ್ಯಗಳನ್ನ ಊಹಿಸುತ್ತೆ ಅಂತ ನೋಡಿದಾಗ (ಇದು ಗ್ರೇಂಜರ್ ಕಾಸಾಲಿಟಿ ವಿಧಾನ) ಸರಿಯಾದ ಉತ್ತರ ಬರಲಿಲ್ಲ. ರಕ್ತದ ಪ್ರತಿಕ್ರಿಯೆ ಜಾಗದಿಂದ ಜಾಗಕ್ಕೆ ಬೇರೆ ಇದ್ದದ್ದೇ ಕಾರಣ. ಅದೇ ಡೇಟಾದಿಂದ ರಕ್ತದ ಪರಿಣಾಮವನ್ನ ಮಾಡೆಲ್ ಬಳಸಿ ಕಳೆದು, ಅಡಗಿದ್ದ ನರ ಚಟುವಟಿಕೆಯ ಮಟ್ಟದಲ್ಲಿ ನೋಡಿದಾಗ ಉತ್ತರ ಬಂತು: ಕಾರ್ಟೆಕ್ಸ್. ಎಲೆಕ್ಟ್ರೋಡ್ ಹೇಳಿದ್ದೇ!

ಡೇಟಾ ಒಂದೇ, ಸ್ಕ್ಯಾನರ್ ಒಂದೇ, ಇಲಿಗಳೂ ಅವೇ. ನಡುವೆ ಭಟ್ಟರ ಲೆಕ್ಕ ಸೇರಿಸಿದ್ದಷ್ಟೇ ವ್ಯತ್ಯಾಸ.

8. ಮನುಷ್ಯರ ಕಡೆಗೆ

ಮನುಷ್ಯರಲ್ಲಿ ಇದೇ ಯೋಚನೆ ಇನ್ನೊಂದು ರೂಪದಲ್ಲಿ ಬೆಳೆದಿದೆ. 2014ರಲ್ಲಿ ಮಾರ್ಸೆಯ ವಿಕ್ಟರ್ ಯಿರ್ಸಾ ಮತ್ತು ಸಂಗಡಿಗರು ಫಿಟ್ಸ್ ಶುರುವಾಗೋದು, ನಡೆಯೋದು, ನಿಲ್ಲೋದು ಮೂರನ್ನೂ ಕೆಲವೇ ಸಮೀಕರಣಗಳಲ್ಲಿ ಹೇಳೋ ಎಪಿಲೆಪ್ಟರ್ ಅನ್ನೋ ಮಾಡೆಲ್ ಕೊಟ್ರು. ರೋಗಿಯದ್ದೇ ಎಂಆರ್‌ಐನಿಂದ ಮೆದುಳಿನ ಜಾಗಗಳನ್ನೂ ಅವುಗಳ ನಡುವಿನ ನಾರುಗಳ ನಕ್ಷೆಯನ್ನೂ ತೆಗೆದು, ಒಂದೊಂದು ಜಾಗದಲ್ಲೂ ಇಂಥ ಒಂದು ಮಾಡೆಲ್ ಕೂರಿಸಿ ಕಂಪ್ಯೂಟರಿನಲ್ಲಿ ಓಡಿಸ್ತಾರೆ. ಅದನ್ನ ರೋಗಿಯ ಮೆದುಳಿನೊಳಗಿನ ಎಲೆಕ್ಟ್ರೋಡ್ ದಾಖಲೆ ಜೊತೆ ಹೋಲಿಸಿ, ಫಿಟ್ಸ್ ಹುಟ್ಟೋ ಜಾಗ ಯಾವುದಿರಬಹುದು ಅಂತ ಅಂದಾಜು ಮಾಡ್ತಾರೆ. ಇದು ಶಸ್ತ್ರಚಿಕಿತ್ಸೆಯ ಯೋಜನೆಗೆ ಎಷ್ಟು ಸಹಾಯ ಮಾಡುತ್ತೆ ಅಂತ ತಿಳಿಯೋಕೆ ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಎಪಿನೋವ್ ಅನ್ನೋ ಕ್ಲಿನಿಕಲ್ ಟ್ರಯಲ್ ಕೈಗೊಂಡಿದ್ದಾರೆ. ಇದರ ಬುಡದಲ್ಲಿರೋ 'ದಿ ವರ್ಚುಯಲ್ ಬ್ರೇನ್' ತಂತ್ರಾಂಶ ಓಪನ್ ಸೋರ್ಸ್, ಬರೆದಿರೋದು ಮುಖ್ಯವಾಗಿ ಪೈಥಾನ್‌ನಲ್ಲಿ. ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು.

9. ಮಾಡೆಲ್ ಅಂದ್ರೆ ದೇವರಲ್ಲ

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು.

ಒಂದು, ಪಂದ್ಯದಲ್ಲಿ ಗೆದ್ದ ಮಾಡೆಲ್ ಓಡಿದವರಲ್ಲಿ ಮೊದಲನೇದು ಅಷ್ಟೇ. ಓಡಿದವರೆಲ್ಲ ಕುಂಟರಾಗಿದ್ದರೆ ಗೆದ್ದವನೂ ಕುಂಟನೇ. ನಿಜವಾದ ಕಾರಣವಾಗಿರೋ ಜಾಗವನ್ನ ನೀವು ಲೆಕ್ಕಕ್ಕೇ ತಗೊಂಡಿಲ್ಲ ಅಂದ್ರೆ ಯಾವ ಬೇಯ್ಸ್ ಸೂತ್ರವೂ ಅದನ್ನ ಹುಡುಕಿ ಕೊಡಲ್ಲ.

ಎರಡು, ಸಾಧ್ಯತೆಗಳ ಸಂಖ್ಯೆ ಸ್ಫೋಟಿಸುತ್ತೆ. 3 ಜಾಗಗಳ ನಡುವೆ ದಿಕ್ಕಿರೋ 6 ನಂಟುಗಳು, ಪ್ರತಿಯೊಂದೂ ಇರಬಹುದು ಇಲ್ಲದಿರಬಹುದು. ಒಟ್ಟು 64 ಮಾಡೆಲ್. 5 ಜಾಗಗಳಿಗೆ 20 ನಂಟು, 10,48,576 ಮಾಡೆಲ್. ಹಾಗಾಗಿ ಯಾವ ಮಾಡೆಲ್‌ಗಳನ್ನ ಪರೀಕ್ಷೆ ಮಾಡಬೇಕು ಅನ್ನೋದು ಜೀವಶಾಸ್ತ್ರದ ತಿಳಿವಳಿಕೆಯಿಂದ ಬರಬೇಕು.

ಮೂರು, ಬೇರೆ ಬೇರೆ ಪ್ಯಾರಾಮೀಟರ್‌ಗಳು ಒಂದೇ ಥರದ ಗೆರೆ ಕೊಡಬಹುದು. ನಂಟು ಬಲವಾಗಿದ್ದರೂ ಸಿಗ್ನಲ್ ದೊಡ್ಡದು, ರಕ್ತನಾಳ ಉದಾರಿಯಾಗಿದ್ದರೂ ಸಿಗ್ನಲ್ ದೊಡ್ಡದು. ಇವೆರಡನ್ನ ಬಿಡಿಸೋಕೆ ಡೇಟಾ ಸಾಲದಿದ್ದಾಗ ಉತ್ತರವನ್ನ ನಿರ್ಧರಿಸೋದು ನಾವು ಮೊದಲೇ ಇಟ್ಟ ಊಹೆ.

ಆದರೂ ಮಾಡೆಲ್ ಇಲ್ಲದಿರೋದು ಪರಿಹಾರ ಅಲ್ಲ. ಬೋಲ್ಡ್ ಗೆರೆಗಳನ್ನ ನೇರವಾಗಿ ಹೋಲಿಸೋರೂ ಒಂದು ಮಾಡೆಲ್ ಬಳಸ್ತಿದ್ದಾರೆ: 'ಎಲ್ಲ ಮೆಸ್ಸಿನ ಭಟ್ಟರೂ ಒಂದೇ ವೇಗ' ಅನ್ನೋ ಮಾಡೆಲ್. ಅದನ್ನ ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ಸಮೀಕರಣದಲ್ಲಿ ಬರೆದಿಟ್ಟ ಊಹೆಯಲ್ಲಿ ತಪ್ಪಿದ್ದರೆ ಬೇರೆಯವರು ಹಿಡಿದು ತೋರಿಸಬಹುದು. ಬರೆಯದೇ ಇದ್ದ ಊಹೆಯ ತಪ್ಪು ಯಾರ ಕಣ್ಣಿಗೂ ಬೀಳಲ್ಲ.

10. ನೀವೇ ಮಾಡಿ ನೋಡಿ

ಇದಕ್ಕೆ ಸ್ಕ್ಯಾನರ್ ಬೇಡ, ಒಂದು ಲ್ಯಾಪ್‌ಟಾಪ್, ಒಂದು ಸಂಜೆ ಸಾಕು. ಐದನೇ ಭಾಗದ ನಾಲ್ಕು ಸಮೀಕರಣಗಳನ್ನ ಆಯ್ಲರ್ ವಿಧಾನದಲ್ಲಿ 0.01 ಸೆಕೆಂಡ್ ಹೆಜ್ಜೆಯಿಟ್ಟು 30 ಸೆಕೆಂಡ್ ಓಡಿಸಿ. 'ನ' ಮೊದಲ 1 ಸೆಕೆಂಡ್ ಮಾತ್ರ 1, ಆಮೇಲೆ ಸೊನ್ನೆ. ಬೋಲ್ಡ್ ಸಿಗ್ನಲ್‌ಗೆ ಈ ಸೂತ್ರ ಬಳಸಿ (ಇದರ ಸಂಖ್ಯೆಗಳು 1.5 ಟೆಸ್ಲಾ ಯಂತ್ರಕ್ಕೆ):

ಬೋಲ್ಡ್ = 0.02 × [2.38 × (1 − ಡ) + 2 × (1 − ಡ ÷ ಗ) + 0.48 × (1 − ಗ)]

ಶೇಕಡಾ 2ರ ಆಸುಪಾಸಿನ ಒಂದು ಗುಡ್ಡ, ಅದರ ಹಿಂದೆ ಒಂದು ಹಳ್ಳ ಕಾಣಬೇಕು. ಈಗ ಎರಡನೇ ಜಾಗ ಸೇರಿಸಿ. ಅದರ ಚಟುವಟಿಕೆ 0.05 ಸೆಕೆಂಡ್ ತಡವಾಗಿ ಶುರುವಾಗಲಿ, 0.98 ಹಾಗೇ ಇರಲಿ. ಮೊದಲನೇ ಜಾಗಕ್ಕೆ ಮಾತ್ರ 0.98 ಇದ್ದ ಎರಡೂ ಕಡೆ 2 ಹಾಕಿ. ಎರಡೂ ಗೆರೆ ಒಂದೇ ಗ್ರಾಫಿನಲ್ಲಿ ಎಳೆದು, ಯಾವುದರ ತುದಿ ಮೊದಲು ಬಂತು ನೋಡಿ. ಆಮೇಲೆ ಗ್ರಾಫನ್ನ ಮಾತ್ರ ಪಕ್ಕದ ರೂಮಿನವರಿಗೆ ತೋರಿಸಿ, ಯಾವ ಜಾಗ ಮೊದಲು ಎದ್ದಿತು ಅಂತ ಕೇಳಿ. ಅವರು ಏನು ಹೇಳ್ತಾರೆ ಅನ್ನೋದು ಈಗ ನಿಮಗೆ ಗೊತ್ತು, ಯಾಕೆ ಅನ್ನೋದೂ ಗೊತ್ತು. ಕೋಡ್ ಬರೆದವರು ಅದನ್ನ ಕ್ಲಬ್ ಗುಂಪಿನಲ್ಲಿ ಹಾಕಿ, ಎಲ್ಲರೂ ಸೇರಿ ಮೂರನೇ ಜಾಗ ಸೇರಿಸೋಣ.